ಗೇಮಿಂಗ್ ಪಿಸಿಗೆ ಕೂಲರ್ ಆರಿಸೋದು ಹೇಗೆ: ಬೆಂಗಳೂರಿನ ಸೆಕೆಗೂ ಧೂಳಿಗೂ ತಕ್ಕ ಸಮಗ್ರ ಮಾರ್ಗದರ್ಶಿ

ಮೊದಲು ನಿಮ್ಮ ರೂಮು ಎಷ್ಟು ಬಿಸಿ ಇದೆ ಅಂತ ನೋಡಿ. ಕಂಪ್ಯೂಟರ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಹೋಗೋದು ಆಮೇಲೆ. ಕೂಲರ್ ಗಾಳಿಯದ್ದಾಗಲಿ ನೀರಿನದ್ದಾಗಲಿ, ಅದು ಮಾಡೋದು ಒಂದೇ ಕೆಲಸ: ಪ್ರೊಸೆಸರಿನ ಬಿಸಿಯನ್ನು ಹೊತ್ತು ತಂದು ರೂಮಿನ ಗಾಳಿಗೆ ಬಿಡೋದು. ರೂಮಿನ ಗಾಳಿಗಿಂತ ತಣ್ಣಗೆ ಮಾಡೋ ಶಕ್ತಿ ಯಾವ ಸಾಮಾನ್ಯ ಕೂಲರಿಗೂ ಇಲ್ಲ. ವಾಟರ್ ಕೂಲರ್ ಅಂದ್ರೆ ಪಿಸಿ ಒಳಗೆ ಒಂದು ಎಸಿ ಇದ್ದ ಹಾಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಹಾಗಲ್ಲ. ರೂಮು 10 ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಮ್ಮಿ 10 ಡಿಗ್ರಿ ಮೇಲೇರುತ್ತದೆ.

ಇದು ಯಾಕೆ ಮುಖ್ಯ ಅಂದ್ರೆ, ನಾವು ಯೂಟ್ಯೂಬಿನಲ್ಲಿ ನೋಡೋ ಹೊರದೇಶದ ಪರೀಕ್ಷೆಗಳು ಸಾಮಾನ್ಯವಾಗಿ 20-22 ಡಿಗ್ರಿ ಇರೋ ರೂಮಿನಲ್ಲಿ ನಡೆದಿರುತ್ತವೆ. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಮೇಲಿನ ಮಹಡಿ ಮನೆಯಲ್ಲಿ, ತಾರಸಿ ಇಡೀ ದಿನ ಬಿಸಿಲಿಗೆ ಕಾದ ಮೇಲೆ, ರಾತ್ರಿ ಊಟದ ಹೊತ್ತಿಗೂ ಒಳಗೆ 31-32 ಡಿಗ್ರಿ ಇರೋದು ದೊಡ್ಡ ವಿಷಯವೇನಲ್ಲ. ಅವರ ಚಾರ್ಟಿನಲ್ಲಿ 75 ಅಂತ ಕಂಡದ್ದು ನಿಮ್ಮ ಮನೆಯಲ್ಲಿ 85. ಬೆಂಗಳೂರು ತಂಪು ಊರು ಅನ್ನೋ ನಂಬಿಕೆ ಮೇಲೆ ಕೂಲರ್ ಕೊಳ್ಳಬೇಡಿ. 2016ರ ಏಪ್ರಿಲ್‌ನಲ್ಲಿ ಇದೇ ಊರಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಇನ್ನೊಂದು ಸಣ್ಣ ವಿಷಯ: ಈ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಕರಾವಳಿಗಿಂತ ನೂರಕ್ಕೆ ಹತ್ತರಷ್ಟು ತೆಳು, ಹಾಗಾಗಿ ಅದೇ ವೇಗದಲ್ಲಿ ತಿರುಗೋ ಫ್ಯಾನು ಇಲ್ಲಿ ಸ್ವಲ್ಪ ಕಮ್ಮಿ ಬಿಸಿ ಹೊರುತ್ತದೆ. ಇದಕ್ಕೆ ತಲೆ ಕೆಡಿಸಿಕೊಳ್ಳೋದು ಬೇಡ, ಆದರೆ ಲೆಕ್ಕ ಹಾಕುವಾಗ ಸ್ವಲ್ಪ ಸಡಿಲ ಬಿಟ್ಟುಕೊಳ್ಳಿ.

ಒಂದು ಸಾದಾ ಡಿಜಿಟಲ್ ಥರ್ಮಾಮೀಟರ್ ತಂದು ಪಿಸಿ ಇಡೋ ಜಾಗದಲ್ಲೇ ಇಡಿ. ಬಾಗಿಲು ಮುಚ್ಚಿ ಆಡೋ ಅಭ್ಯಾಸ ಇದ್ದರೆ ಬಾಗಿಲು ಮುಚ್ಚಿಯೇ ನೋಡಿ. 400 ವ್ಯಾಟ್ ಎಳೆಯೋ ಪಿಸಿ ಆ 400 ವ್ಯಾಟನ್ನೂ ಕೊನೆಗೆ ರೂಮಿಗೇ ಬಿಸಿಯಾಗಿ ಬಿಡುತ್ತದೆ. ಹತ್ತಕ್ಕೆ ಹತ್ತರ ಪಿಜಿ ರೂಮಿನಲ್ಲಿ ಎರಡು ಗಂಟೆ ಆಡಿದರೆ ಸೆಕೆ ಏರೋದು ನಿಮಗೇ ಗೊತ್ತಾಗುತ್ತದೆ. ಅಂಥ ರೂಮಿನಲ್ಲಿ ಕಿಟಕಿ ತೆಗೆಯೋದರಿಂದ ಸಿಗೋ ಲಾಭ ದುಬಾರಿ ಕೂಲರಿನಿಂದಲೂ ಸಿಗಲ್ಲ.

ಎರಡನೇ ಹೆಜ್ಜೆ: ಪ್ರೊಸೆಸರ್ ನಿಜವಾಗಿ ಎಷ್ಟು ವ್ಯಾಟ್ ಎಳೆಯುತ್ತೆ

ಡಬ್ಬದ ಮೇಲೆ ದೊಡ್ಡದಾಗಿ ಕಾಣೋ ಸಂಖ್ಯೆಯನ್ನು ಮಾತ್ರ ನಂಬಬೇಡಿ. ಇಂಟೆಲ್ ಐ5-12400ಎಫ್‌ಗೆ 65 ವ್ಯಾಟ್ ಅಂತ ಇದೆ, ಆದರೆ ಟರ್ಬೊದಲ್ಲಿ, ಅಂದ್ರೆ ತಾನೇ ವೇಗ ಏರಿಸಿಕೊಂಡಾಗ, 117 ವ್ಯಾಟ್ ತನಕ ಹೋಗಬಹುದು ಅಂತ ಇಂಟೆಲ್ಲೇ ಹೇಳುತ್ತದೆ. ಐ9-14900ಕೆ ವಿಷಯದಲ್ಲಿ ಅದು 125 ಮತ್ತು 253. ಎಎಂಡಿಯಲ್ಲೂ ಹಾಗೇ. ರೈಜನ್ 5 7600ಕ್ಕೆ 65 ಅಂತ ಇದ್ದರೂ ಸಾಕೆಟ್ಟಿಗೆ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರೋ ಜಾಗ) ಬರೋ ಗರಿಷ್ಠ ಪವರ್ 88 ವ್ಯಾಟ್. ರೈಜನ್ 9 7950ಎಕ್ಸ್‌ಗೆ 170 ಮತ್ತು 230. ಪ್ರೊಸೆಸರ್ ಎಲ್ಲಿ ತನಕ ಹೋಗಬಹುದು ಅಂತ ತಿಳಿಯೋಕೆ ಈ ಎರಡನೇ ಸಂಖ್ಯೆಯನ್ನೇ ನೋಡಿ.

ಆದರೆ ಆಟ ಆಡುವಾಗ ಪ್ರೊಸೆಸರ್ ಆ ಗರಿಷ್ಠಕ್ಕೆ ಹೋಗೋದು ಅಪರೂಪ. ಬಹುಪಾಲು ಗೇಮುಗಳು ಎಲ್ಲ ಕೋರುಗಳನ್ನೂ (ಪ್ರೊಸೆಸರಿನ ಒಳಗೆ ಲೆಕ್ಕ ಮಾಡೋ ಘಟಕಗಳು) ಪೂರ್ತಿ ದುಡಿಸುವುದಿಲ್ಲ. ರೈಜನ್ 7 7800ಎಕ್ಸ್3ಡಿ ಡಬ್ಬದ ಮೇಲೆ 120 ವ್ಯಾಟ್ ಅಂತ ಇದ್ದರೂ ಗೇಮಿನಲ್ಲಿ ಸಾಮಾನ್ಯವಾಗಿ 100ಕ್ಕಿಂತ ಚೆನ್ನಾಗಿ ಕೆಳಗೇ ಇರುತ್ತದೆ. ಹಗಲು ಅದೇ ಪಿಸಿಯಲ್ಲಿ ಕೋಡ್ ಕಂಪೈಲ್ ಮಾಡೋದು, ಬ್ಲೆಂಡರ್ ಅನ್ನೋ ಸಾಫ್ಟ್‌ವೇರಿನಲ್ಲಿ 3ಡಿ ಚಿತ್ರ ರೆಂಡರ್ ಹಾಕೋದು, ವಿಡಿಯೊ ಎಡಿಟಿಂಗ್, ರಾತ್ರಿ ಗೇಮಿಂಗ್ ಅಂತ ಇದ್ದರೆ ಮಾತ್ರ ಗರಿಷ್ಠ ಸಂಖ್ಯೆಗೇ ಕೂಲರ್ ಹೊಂದಿಸಿ, ಯಾಕಂದ್ರೆ ಅಲ್ಲಿ ಎಲ್ಲ ಕೋರುಗಳೂ ಗಂಟೆಗಟ್ಟಲೆ ದುಡಿಯುತ್ತವೆ. ಈ ಊರಲ್ಲಿ ಅಂಥವರೇ ಜಾಸ್ತಿ ಅಲ್ವಾ, ಆದ್ದರಿಂದ ನಿಮ್ಮ ಬಳಕೆ ಯಾವುದು ಅಂತ ಮೊದಲೇ ಸ್ಪಷ್ಟ ಮಾಡಿಕೊಳ್ಳಿ.

ಎಷ್ಟು ಬಿಸಿ ತಡೆಯುತ್ತೆ ಅನ್ನೋ ಮಿತಿಯೂ ಒಂದೊಂದಕ್ಕೆ ಒಂದೊಂದು. 7800ಎಕ್ಸ್3ಡಿಗೆ 89 ಡಿಗ್ರಿ, ಆಮೇಲೆ ಬಂದ 9800ಎಕ್ಸ್3ಡಿಗೆ 95, 14900ಕೆಗೆ 100. ಮಿತಿ ಮುಟ್ಟಿದ ಕೂಡಲೇ ಸುಟ್ಟು ಹೋಗಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಮಗೆ ಕಾಣೋದು ಫ್ರೇಮ್ (ಸೆಕೆಂಡಿಗೆ ಪರದೆ ಮೇಲೆ ಬರೋ ಚಿತ್ರಗಳು) ಇಳಿಯೋದು, ಫ್ಯಾನು ಕಿರುಚೋದು. 7950ಎಕ್ಸ್ ಥರದವು ಪೂರ್ತಿ ಲೋಡಿನಲ್ಲಿ 95 ಮುಟ್ಟುವ ಹಾಗೇ ವಿನ್ಯಾಸ ಆಗಿವೆ ಅಂತ ಎಎಂಡಿ ಹೇಳಿದೆ. ಅಂಥ ಚಿಪ್ಪಿನಲ್ಲಿ ರೆಂಡರ್ ಮಾಡುವಾಗ 95 ಕಂಡರೆ ಗಾಬರಿ ಬೇಡ. ಗೇಮಿನಲ್ಲೇ 95 ಕಂಡರೆ ಮಾತ್ರ ಏನೋ ಸರಿ ಇಲ್ಲ ಅಂತ ಅರ್ಥ.

ಮೂರನೇ ಹೆಜ್ಜೆ: ಯಾವ ಬಗೆ

ಡಬ್ಬದ ಜೊತೆ ಬರೋ ಕೂಲರಿನಿಂದ ಶುರು ಮಾಡೋಣ. ರೈಜನ್ 5 7600 ಜೊತೆ, 12400ಎಫ್ ಜೊತೆ ಒಂದು ಚಿಕ್ಕ ಕೂಲರ್ ಬರುತ್ತದೆ. ಅದು ಕೆಲಸ ಮಾಡುತ್ತೆ, ಗದ್ದಲವೂ ಮಾಡುತ್ತೆ. ದುಡ್ಡು ತೀರಾ ಬಿಗಿ ಇದ್ದರೆ ಆರು ತಿಂಗಳು ಅದರಲ್ಲೇ ನಡೆಸಿ, ಆ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ಹೆಸರಿನ ಕೊನೆಗೆ ಕೆ ಇರೋ ಇಂಟೆಲ್ ಮಾದರಿಗಳ ಜೊತೆಗಾಗಲಿ, 7800ಎಕ್ಸ್3ಡಿ, 9800ಎಕ್ಸ್3ಡಿ ಜೊತೆಗಾಗಲಿ ಕೂಲರ್ ಬರುವುದಿಲ್ಲ, ಬಜೆಟ್ಟಿನಲ್ಲಿ ಮೊದಲೇ ಸೇರಿಸಿಕೊಳ್ಳಿ.

ಆಮೇಲೆ ಟವರ್ ಕೂಲರ್, ಅಂದ್ರೆ ಗೋಪುರದ ಹಾಗೆ ಜೋಡಿಸಿದ ಲೋಹದ ರೆಕ್ಕೆಗಳಿಗೆ ಫ್ಯಾನು ಗಾಳಿ ಊದೋ ಬಗೆ. ಇದರ ತಾಮ್ರದ ಕೊಳವೆಗಳನ್ನು ಹೀಟ್‌ಪೈಪ್ ಅಂತಾರೆ. ನೋಡೋಕೆ ಗಟ್ಟಿ ಕಂಬಿಯ ಹಾಗೆ ಕಂಡರೂ ಒಳಗೆ ಟೊಳ್ಳು. ಗಾಳಿಯನ್ನೆಲ್ಲ ಎಳೆದು ತೆಗೆದು, ಒಂದಿಷ್ಟು ನೀರು ಬಿಟ್ಟು ಸೀಲ್ ಮಾಡಿರುತ್ತಾರೆ. ಒತ್ತಡ ಕಮ್ಮಿ ಇರೋದರಿಂದ ಆ ನೀರು ಸ್ವಲ್ಪ ಬಿಸಿಗೇ ಆವಿಯಾಗಿ ಮೇಲೇರುತ್ತದೆ, ಫ್ಯಾನಿನ ಗಾಳಿ ತಾಗೋ ರೆಕ್ಕೆಗಳ ಹತ್ತಿರ ತಣ್ಣಗಾಗಿ ಮತ್ತೆ ನೀರಾಗುತ್ತದೆ, ಒಳಗೋಡೆಯ ಸಣ್ಣ ರಂಧ್ರಗಳ ಪದರದ ಮೂಲಕ ಬುಡಕ್ಕೆ ವಾಪಸ್ ಬರುತ್ತದೆ. ಪಂಪಿಲ್ಲ, ಮೋಟಾರಿಲ್ಲ. ಕೆಡೋದು ಅಂದ್ರೆ ಫ್ಯಾನು ಒಂದೇ, ಅದನ್ನು ಕೆಲವೇ ನೂರು ರೂಪಾಯಿಗೆ ಬದಲಾಯಿಸಬಹುದು. ಟವರ್ ಕೂಲರ್ ನನಗೆ ಇಷ್ಟವಾಗೋದು ಮುಖ್ಯವಾಗಿ ಇದಕ್ಕೇ.

ಡೀಪ್‌ಕೂಲ್ ಎಕೆ400 ಥರದ ನಾಲ್ಕು ಕೊಳವೆಯ ಒಂಟಿ ಟವರ್ 7600, 12400ಎಫ್‌ಗೆ ಧಾರಾಳವಾಯಿತು. ಸುಮಾರು ಎರಡು ಸಾವಿರ ರೂಪಾಯಿ ಆಸುಪಾಸು. ಎಕ್ಸ್3ಡಿ ಚಿಪ್ಪುಗಳಿಗೆ, 13600ಕೆ ಅಂಥವಕ್ಕೆ ಜೋಡಿ ಟವರ್ ತಗೊಳ್ಳಿ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ, ಡೀಪ್‌ಕೂಲ್ ಎಕೆ620 ಈ ಸಾಲಿನವು. ಆರು ಕೊಳವೆ, ಎರಡು ಫ್ಯಾನು, ಮೂರರಿಂದ ಐದು ಸಾವಿರದ ಒಳಗೆ. ಬೆಂಗಳೂರಿನಲ್ಲಿ ಗೇಮಿಂಗಿಗೆ ಅಂತ ಪಿಸಿ ಕಟ್ಟಿಸೋ ಹತ್ತರಲ್ಲಿ ಎಂಟು ಜನರಿಗೆ ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಉಳಿದ ದುಡ್ಡಿಗೆ ಒಳ್ಳೆ ಕ್ಯಾಬಿನೆಟ್, ಅಂದ್ರೆ ಪಿಸಿಯ ಪೆಟ್ಟಿಗೆ, ಬರುತ್ತದೆ.

ಲಿಕ್ವಿಡ್ ಕೂಲರ್, ಅಂದ್ರೆ ಎಐಒ, ಬೇಕಾಗೋ ಸಂದರ್ಭಗಳೂ ಇವೆ. ಇದರಲ್ಲಿ ಪಂಪು ಓಡಿಸೋ ದ್ರವ ಬಿಸಿ ಹೊತ್ತು ತಂದು ಫ್ಯಾನು ಇರೋ ರೇಡಿಯೇಟರಿನಲ್ಲಿ ಬಿಡುತ್ತದೆ. 14700ಕೆ, 14900ಕೆ ಥರದ 253 ವ್ಯಾಟಿನ ಚಿಪ್ಪಿನಲ್ಲಿ ಕೆಲಸವನ್ನೂ ಮಾಡೋರಿಗೆ 360 ಮಿಲಿಮೀಟರಿನ ರೇಡಿಯೇಟರ್ ನಿಜಕ್ಕೂ ಉಪಯೋಗ. ಟವರ್ ಕೂಲರಿನ ಎತ್ತರ ಹಿಡಿಯದ ಚಿಕ್ಕ ಕ್ಯಾಬಿನೆಟ್ಟಿಗೂ ಎಐಒ ಒಗ್ಗುತ್ತದೆ. ಮನೆ ಬದಲಾಯಿಸೋರ ವಿಷಯವೂ ಇದೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಾಗಲೆಲ್ಲ ಸಾಮಾನು ಟೆಂಪೋಗೆ ಹಾಕಿಕೊಂಡು ಹೋಗೋರ ಪಿಸಿಯಲ್ಲಿ ನಾಕ್ಟುವಾ ಎನ್‌ಎಚ್-ಡಿ15 ಥರದ ದೊಡ್ಡ ಜೋಡಿ ಟವರ್ ಇದ್ದರೆ, ಫ್ಯಾನು ಸೇರಿ 1.3 ಕಿಲೋ ತೂಕ ಮದರ್‌ಬೋರ್ಡಿಗೆ ನೇತಾಡುತ್ತಿರುತ್ತದೆ. ಅಂಥದ್ದನ್ನು ಸಾಗಿಸುವಾಗ ಬಿಚ್ಚಿಡಿ, ಇಲ್ಲಾಂದ್ರೆ ಮದರ್‌ಬೋರ್ಡ್ ಕೆಳಗೆ ಕೂಲರ್ ಮೇಲೆ ಇರೋ ಹಾಗೆ ಕ್ಯಾಬಿನೆಟ್ಟನ್ನು ಮಲಗಿಸಿ ಒಯ್ಯಿರಿ.

ಎಐಒ ಕೊಳ್ಳೋ ಮುಂಚೆ ಎರಡು ವಿಷಯ ಒಪ್ಪಿಕೊಳ್ಳಬೇಕು. ಪಂಪಿಗೆ ಆಯುಸ್ಸಿದೆ. ಒಳಗಿನ ದ್ರವವೂ ವರ್ಷಗಳು ಕಳೆದಂತೆ ರಬ್ಬರ್ ಕೊಳವೆಯ ಮೂಲಕ ಚೂರುಚೂರೇ ಆರಿ ಹೋಗುತ್ತದೆ, ಸಾಮಾನ್ಯವಾಗಿ ಮತ್ತೆ ತುಂಬಿಸೋಕೆ ಆಗಲ್ಲ. ಆದ್ದರಿಂದ ವಾರಂಟಿ ಐದು ವರ್ಷವೋ ಆರು ವರ್ಷವೋ ಇರೋದನ್ನೇ ತಗೊಳ್ಳಿ. ಸೋರಿಕೆ ಆದರೆ ಹಾಳಾದ ಬೇರೆ ಭಾಗಗಳಿಗೂ ಕಂಪನಿ ಹೊಣೆ ಹೊರುತ್ತದಾ ಅಂತ ವಾರಂಟಿ ಚೀಟಿ ಓದಿ. ಸೋರೋದು ಅಪರೂಪ, ಆದರೆ ಸೋರಿದ್ದು ಬೀಳೋದು ನೇರ ಗ್ರಾಫಿಕ್ಸ್ ಕಾರ್ಡಿನ ಮೇಲೆ. 120 ಮಿಲಿಮೀಟರಿನ ಪುಟ್ಟ ಎಐಒ ಅಂತೂ ಮುಟ್ಟಲೇಬೇಡಿ, ಅದೇ ದುಡ್ಡಿನ ಜೋಡಿ ಟವರ್ ಅದಕ್ಕಿಂತ ಚೆನ್ನಾಗಿ ತಂಪು ಮಾಡುತ್ತದೆ.

ನಾಲ್ಕನೇ ಹೆಜ್ಜೆ: ಕ್ಯಾಬಿನೆಟ್

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕಂದ್ರೆ ಅರ್ಧಕ್ಕರ್ಧ ತೊಂದರೆ ಇರೋದು ಇಲ್ಲೇ. ಗೇಮಿಂಗ್ ಪಿಸಿಯೊಳಗೆ ಅತಿ ಹೆಚ್ಚು ಬಿಸಿ ಬಿಡೋದು ಪ್ರೊಸೆಸರ್ ಅಲ್ಲ, ಗ್ರಾಫಿಕ್ಸ್ ಕಾರ್ಡ್. ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್, 4070ಕ್ಕೆ 200, 4090ಕ್ಕೆ 450, 5090ಕ್ಕೆ 575. ಈ ಬಿಸಿಯಲ್ಲಿ ಬಹುಪಾಲು ಕ್ಯಾಬಿನೆಟ್ಟಿನ ಒಳಗೇ ಚೆಲ್ಲುತ್ತದೆ. ಅದರ ಮೇಲುಗಡೆಯೇ ನಿಮ್ಮ ಟವರ್ ಕೂಲರ್ ಕೂತಿದೆ. ಕಾರ್ಡು ಬಿಟ್ಟ 45-50 ಡಿಗ್ರಿ ಗಾಳಿಯನ್ನೇ ಅದು ಎಳೆದುಕೊಂಡರೆ ಎಂಥ ಕೂಲರ್ ಇದ್ದು ಏನು ಮಾಡುತ್ತೆ?

ಮುಂದೆ ಜಾಲರಿ ಇರೋ ಕ್ಯಾಬಿನೆಟ್ ತಗೊಳ್ಳಿ. ಮುಂದೆ ಪೂರ್ತಿ ಗಾಜು, ಬದಿಯಲ್ಲಿ ಬೆರಳಗಲದ ಸಂದು, ಒಳಗೆ ಮೂರು ಬಣ್ಣದ ಫ್ಯಾನು ಇರೋ ಕ್ಯಾಬಿನೆಟ್ಟುಗಳು ಅಂಗಡಿಯಲ್ಲಿ ಚೆಂದ ಕಾಣುತ್ತವೆ, ಆದರೆ ಆ ಫ್ಯಾನುಗಳಿಗೆ ಉಸಿರಾಡೋಕೆ ಗಾಳಿಯೇ ಇರಲ್ಲ. ಮುಂದಿನಿಂದ ಎರಡು ಫ್ಯಾನು ಒಳಕ್ಕೆ, ಹಿಂದಿನಿಂದ ಒಂದು ಹೊರಕ್ಕೆ, ಇಷ್ಟಿದ್ದರೆ ಮಧ್ಯಮ ದರ್ಜೆಯ ಪಿಸಿಗೆ ಸಾಕು. 4070ಕ್ಕಿಂತ ಮೇಲಿನ ಕಾರ್ಡಿದ್ದರೆ ಮುಂದೆ ಮೂರು, ಮೇಲೆ ಹಿಂಭಾಗದಲ್ಲಿ ಇನ್ನೊಂದು ಸೇರಿಸಿ.

ಈಗಾಗಲೇ ಪಿಸಿ ಇದ್ದು, ಕೂಲರ್ ಬದಲಾಯಿಸಬೇಕಾ ಅಂತ ಯೋಚಿಸುತ್ತಿದ್ದರೆ ದುಡ್ಡು ಹಾಕೋ ಮುಂಚೆ ಈ ಪರೀಕ್ಷೆ ಮಾಡಿ. ನೀವು ಯಾವಾಗಲೂ ಆಡೋ ಗೇಮನ್ನು 20 ನಿಮಿಷ ಆಡಿ, ಪ್ರೊಸೆಸರ್ ಮತ್ತು ಕಾರ್ಡಿನ ಬಿಸಿ ಬರೆದಿಡಿ (ಬಿಸಿ ತೋರಿಸೋ ಸಾಫ್ಟ್‌ವೇರ್ ಏಳನೇ ಹೆಜ್ಜೆಯಲ್ಲಿದೆ). ಆಮೇಲೆ ಕ್ಯಾಬಿನೆಟ್ಟಿನ ಮುಂದಿನ ಫಲಕ ತೆಗೆದು ಅದೇ ಜಾಗ, ಅದೇ ಸೆಟ್ಟಿಂಗಿನಲ್ಲಿ ಇನ್ನೊಂದು 20 ನಿಮಿಷ ಆಡಿ. ಐದು ಡಿಗ್ರಿಗಿಂತ ಜಾಸ್ತಿ ಇಳಿದರೆ ನಿಮಗೆ ಬೇಕಿರೋದು ಹೊಸ ಕೂಲರ್ ಅಲ್ಲ, ಗಾಳಿ ಓಡಾಡೋ ಕ್ಯಾಬಿನೆಟ್. ಮೇಜಿನ ಕೆಳಗಿನ ಗೂಡಿಗೆ ತುರುಕಿದ ಪಿಸಿಗೂ ಹೀಗೇ. ಹೊರಗೆಳೆದು ಆಡಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಧೂಳಿನ ಮಾತು ಇಲ್ಲೇ ಹೇಳಬೇಕು. ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿರುತ್ತದೆ, ಮುಂದಿನ ರಸ್ತೆ ಅಗೆದಿರುತ್ತಾರೆ, ಮೆಟ್ರೊ ಕೆಲಸ ನಡೆಯುತ್ತಿರುತ್ತದೆ. ಈ ಊರಲ್ಲಿ ಫಿಲ್ಟರ್ ಇಲ್ಲದ ಕ್ಯಾಬಿನೆಟ್ ಬೇಡವೇ ಬೇಡ. ಒಣ ಧೂಳಾದರೆ ಸುಲಭ, ಬ್ಲೋವರ್ ಹಿಡಿದರೆ ಹಾರಿಹೋಗುತ್ತದೆ. ಕಷ್ಟ ಇರೋದು ಜಿಡ್ಡು ಧೂಳಿನದ್ದು. ಅಡುಗೆಮನೆಗೆ ಹತ್ತಿರದ ಹಾಲಿನಲ್ಲಿ ಪಿಸಿ ಇದ್ದರೆ ದಿನವೂ ಒಗ್ಗರಣೆ ಹೊಗೆ, ದೇವರಮನೆ ಪಕ್ಕ ಇದ್ದರೆ ಊದುಬತ್ತಿ ಹೊಗೆ. ಎರಡೂ ಕೂಲರಿನ ಲೋಹದ ರೆಕ್ಕೆಗೆ ಅಂಟಿ, ಅದರ ಮೇಲೆ ಧೂಳು ಕೂತು, ಹಳೇ ಎಕ್ಸಾಸ್ಟ್ ಫ್ಯಾನಿನ ರೆಕ್ಕೆಯ ಮೇಲೆ ಇರುವಂಥ ಕಂದು ಪದರ ಆಗಿಬಿಡುತ್ತದೆ. ಅದು ಬ್ಲೋವರಿಗೆ ಜಗ್ಗಲ್ಲ. ಫ್ಯಾನು ಬಿಚ್ಚಿ, ಮೆತ್ತನೆ ಪೇಂಟ್ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ರೆಕ್ಕೆ ರೆಕ್ಕೆಯಾಗಿ ಉಜ್ಜಬೇಕು. ಪಿಸಿಯನ್ನು ಬೇರೆ ಮೂಲೆಗೆ ಸರಿಸೋದು ಅದಕ್ಕಿಂತ ಸುಲಭ. ಬ್ಲೋವರ್ ಹಿಡಿಯುವಾಗ ಫ್ಯಾನು ತಿರುಗದ ಹಾಗೆ ಬೆರಳಲ್ಲಿ ಒತ್ತಿ ಹಿಡಿದುಕೊಳ್ಳಿ, ಇಲ್ಲಾಂದ್ರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒಳಗೆ ಬರೋ ಗಾಳಿ ಹೊರಗೆ ಹೋಗೋದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಂದುಗೊಂದಿಯಿಂದ ಧೂಳು ನುಗ್ಗೋದು ಕಮ್ಮಿಯಾಗುತ್ತದೆ, ಫಿಲ್ಟರಿನಲ್ಲೇ ಸಿಕ್ಕಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಐದನೇ ಹೆಜ್ಜೆ: ಅಳತೆ, ಆಮೇಲೆ ಅಂಗಡಿ

ಕೂಲರಿನ ಎತ್ತರ, ಕ್ಯಾಬಿನೆಟ್ ಒಪ್ಪೋ ಎತ್ತರ, ಎರಡನ್ನೂ ಕಂಪನಿಯ ವಿವರಪಟ್ಟಿಯಲ್ಲಿ ನೋಡಿ. ಎಕೆ400ಕ್ಕೂ ಪೀರ್‌ಲೆಸ್ ಅಸಾಸಿನ್ 120 ಎಸ್‌ಇಗೂ 155 ಮಿಲಿಮೀಟರ್ ಬೇಕು, ಎಕೆ620ಕ್ಕೆ 160, ಎನ್‌ಎಚ್-ಡಿ15ಕ್ಕೆ 165. ಮೂರ್ನಾಲ್ಕು ಮಿಲಿಮೀಟರ್ ಜಾಗ ಉಳಿಯಲಿ. ಎತ್ತರದ ರ್‍ಯಾಮ್ ಹಾಕಿದ್ದರೆ ಮುಂದಿನ ಫ್ಯಾನನ್ನು ಮೇಲಕ್ಕೆ ಸರಿಸಬೇಕಾಗುತ್ತದೆ, ಆಗ ಒಟ್ಟು ಎತ್ತರವೂ ಏರುತ್ತದೆ, ಇದನ್ನು ಲೆಕ್ಕಕ್ಕೆ ಹಿಡಿಯಿರಿ. ರೇಡಿಯೇಟರ್ ಆದರೆ ಉದ್ದದ ಜೊತೆ ದಪ್ಪವನ್ನೂ ನೋಡಿ. ಹೆಚ್ಚಿನವು ಸುಮಾರು 27 ಮಿಲಿಮೀಟರ್ ದಪ್ಪ ಇದ್ದರೆ ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3ರದ್ದು 38. ಅದರ ಮೇಲೆ ಫ್ಯಾನಿನ 25 ಬೇರೆ.

ನಿಮ್ಮ ಮದರ್‌ಬೋರ್ಡಿನ ಸಾಕೆಟ್ಟಿಗೆ ಕೂಲರ್ ಹೊಂದಬೇಕು. ಎಎಂ4, ಎಎಂ5 ಎಎಂಡಿಯ ಸಾಕೆಟ್ಟುಗಳು, ಎಲ್‌ಜಿಎ ಇಂಟೆಲ್ಲಿನದ್ದು. ಎಎಂ4ಗೆ ಬಂದ ಬಹುಪಾಲು ಕೂಲರುಗಳು ಎಎಂ5ಗೂ ಕೂರುತ್ತವೆ, ಆದರೆ ಮದರ್‌ಬೋರ್ಡಿನ ಹಿಂದೆ ತಮ್ಮದೇ ತಟ್ಟೆ ಹಾಕೋ ಮಾದರಿಗಳು ಕೂರಲ್ಲ. ಇಂಟೆಲ್ ಎಲ್‌ಜಿಎ 1700ದಲ್ಲಿ ತೂತುಗಳ ಅಂತರ ಹಿಂದಿನ 75ರಿಂದ 78 ಮಿಲಿಮೀಟರಿಗೆ ಬದಲಾಯಿತು, ಹಳೇ ಕೂಲರಿಗೆ ಹೊಸ ಕಿಟ್ ಬೇಕು. ಎಲ್‌ಜಿಎ 1851ಕ್ಕೆ 1700ರ ಕೂಲರುಗಳೇ ಆಗುತ್ತವೆ.

ಎಸ್‌ಪಿ ರೋಡಿಗೆ ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಹೋಗಿ, ಮಧ್ಯಾಹ್ನ ಮೇಲೆ ಅಲ್ಲಿ ಮಾತಾಡೋಕೂ ಪುರುಸೊತ್ತಿರಲ್ಲ. ಆನ್‌ಲೈನ್ ಬೆಲೆ ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಮೂರ್ನಾಲ್ಕು ಅಂಗಡಿ ಕೇಳಿ. ಜಿಎಸ್‌ಟಿ ಬಿಲ್ಲಿನಲ್ಲಿ ಮಾದರಿಯ ಪೂರ್ತಿ ಹೆಸರು, ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿಗೆ ಎಲ್ಲಿಗೆ ಹೋಗಬೇಕು, ಊರಲ್ಲೇ ಸರ್ವಿಸ್ ಸೆಂಟರ್ ಇದೆಯಾ, ಕೊರಿಯರ್ ಮಾಡಬೇಕಾ ಅಂತ ಕೌಂಟರಿನಲ್ಲೇ ಕೇಳಿ. ಡಬ್ಬ ತೆರೆಸಿ ನಿಮ್ಮ ಸಾಕೆಟ್ಟಿನ ಸ್ಕ್ರೂ, ಬ್ರಾಕೆಟ್ ಎಲ್ಲ ಇದೆಯಾ ನೋಡಿ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಆರನೇ ಹೆಜ್ಜೆ: ಕೂರಿಸೋದು

ಕೂಲರಿನ ಬುಡಕ್ಕೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದನ್ನು ಕಿತ್ತು ಹಾಕಿ. ಪ್ರೊಸೆಸರಿನ ಮೇಲೆ ನಡುವೆ ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್ (ಬಿಸಿ ದಾಟಿಸೋಕೆ ನಡುವೆ ಹಚ್ಚೋ ಲೇಪ) ಇಡಿ. ಎಲ್‌ಜಿಎ 1700 ಉದ್ದುದ್ದ ಇರೋದರಿಂದ ಅಲ್ಲಿ ಒಂದು ಚಿಕ್ಕ ಗೆರೆ ಎಳೆದರೆ ಒಳ್ಳೆಯದು. ನಾಲ್ಕು ಸ್ಕ್ರೂ ಇದ್ದರೆ ಎದುರುಬದುರಾಗಿ, ಒಂದೊಂದಕ್ಕೆ ಎರಡೆರಡು ಸುತ್ತು ಕೊಡುತ್ತಾ ಬಿಗಿಯಿರಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಬುಡ ಓರೆಯಾಗಿ ಪೇಸ್ಟ್ ಒಂದು ಕಡೆಗೆ ಹೋಗಿಬಿಡುತ್ತದೆ. ಫ್ಯಾನು ಮುಂದಿನಿಂದ ಹಿಂದಕ್ಕೆ ಊದಬೇಕು. ಜಾಲರಿಯಂಥ ಕಾಲುಗಳಿರೋ ಬದಿಯಿಂದ ಗಾಳಿ ಹೊರಗೆ ಬರುತ್ತದೆ, ಅದು ಕ್ಯಾಬಿನೆಟ್ಟಿನ ಹಿಂಬದಿಗೆ ಮುಖ ಮಾಡಿರಲಿ.

ಎಐಒ ಆದರೆ ರೇಡಿಯೇಟರನ್ನು ಮೇಲುಗಡೆ ಹಾಕಿ, ಗಾಳಿ ಹೊರಕ್ಕೆ ಹೋಗಲಿ. ಪಂಪು ಇಡೀ ವ್ಯವಸ್ಥೆಯ ಅತಿ ಎತ್ತರದ ಜಾಗದಲ್ಲಿ ಇರಲೇಬಾರದು, ಇದ್ದರೆ ಒಳಗಿನ ಗಾಳಿಗುಳ್ಳೆ ಅಲ್ಲಿಗೇ ಬಂದು ಸೇರುತ್ತದೆ, ಗರಗರ ಸದ್ದು ಬರುತ್ತದೆ, ಪಂಪು ಬೇಗ ಸವೆಯುತ್ತದೆ.

ಬಣ್ಣದ ಲೈಟಿನ ವೈರು ಹಾಕುವಾಗ ತುಂಬಾ ಎಚ್ಚರ. ಎಆರ್‌ಜಿಬಿ ಅಂದ್ರೆ 5 ವೋಲ್ಟ್, ಮೂರು ಪಿನ್ನು. ಹಳೇ ಆರ್‌ಜಿಬಿ 12 ವೋಲ್ಟ್, ನಾಲ್ಕು ಪಿನ್ನು. 5 ವೋಲ್ಟಿನದ್ದನ್ನು 12ಕ್ಕೆ ಒತ್ತಿ ಕೂರಿಸಿದರೆ ಲೈಟ್ ಸುಟ್ಟು ಹೋಗುತ್ತದೆ.

ಏಳನೇ ಹೆಜ್ಜೆ: ಅಳೆದು ನೋಡಿ, ಆಮೇಲೆ ಹದ ಮಾಡಿ

ಬಿಸಿ ತೋರಿಸೋ ಎಚ್‌ಡಬ್ಲ್ಯುಇನ್ಫೊ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ರೂಮಿನ ಬಿಸಿ ಬರೆದಿಟ್ಟು, ಪ್ರೊಸೆಸರನ್ನು ಪೂರ್ತಿ ದುಡಿಸೋ ಸಿನೆಬೆಂಚ್ ಪರೀಕ್ಷೆ ಹತ್ತು ನಿಮಿಷ ಓಡಿಸಿ, ಆಮೇಲೆ ಗೇಮ್ ಅರ್ಧ ಗಂಟೆ ಆಡಿ. ಪ್ರೊಸೆಸರಿನ ಬಿಸಿಯಿಂದ ರೂಮಿನ ಬಿಸಿ ಕಳೆಯಿರಿ. ನೆನಪಿಡಬೇಕಾದ ಸಂಖ್ಯೆ ಆ ವ್ಯತ್ಯಾಸ. ಡಿಸೆಂಬರಿನಲ್ಲಿ 22 ಡಿಗ್ರಿ ರೂಮಿನಲ್ಲಿ ಗೇಮ್ ಆಡುವಾಗ 70 ಬಂದರೆ ವ್ಯತ್ಯಾಸ 48, ಏಪ್ರಿಲ್‌ನಲ್ಲಿ ರೂಮು 33 ಆದಾಗ 81ರ ಆಸುಪಾಸು ಬರುತ್ತದೆ ಅಂತ ಈಗಲೇ ಗೊತ್ತಾಗುತ್ತದೆ. ಏಪ್ರಿಲ್‌ನಲ್ಲೂ ಗೇಮಿಂಗ್ ಬಿಸಿ 85ರ ಒಳಗೆ ನಿಲ್ಲೋ ಹಾಗಿದ್ದರೆ ನೆಮ್ಮದಿಯಾಗಿ ಆಡಿ.

ಜಾಸ್ತಿ ಬರುತ್ತಿದ್ದರೆ ಹೊಸ ಕೂಲರಿಗಿಂತ ಮೊದಲು ಮದರ್‌ಬೋರ್ಡಿನ ಸೆಟ್ಟಿಂಗ್ ಇರೋ ಬಯಾಸ್‌ಗೆ ಹೋಗಿ. ರೈಜನ್‌ನಲ್ಲಿ ಪವರ್ ಇಳಿಸೋ ಇಕೊ ಮೋಡ್ ಇದೆ, ಇಂಟೆಲ್ಲಿನಲ್ಲಿ ಪವರ್ ಲಿಮಿಟ್ ಇಳಿಸಬಹುದು. 14900ಕೆಯನ್ನು 253ರಿಂದ 150 ವ್ಯಾಟಿಗೆ ಇಳಿಸಿದರೂ ಗೇಮಿನ ಫ್ರೇಮಿನಲ್ಲಿ ದೊಡ್ಡ ವ್ಯತ್ಯಾಸ ಕಾಣಲ್ಲ, ಬಿಸಿ ಮತ್ತು ಸದ್ದು ಮಾತ್ರ ಎದ್ದು ಕಾಣೋ ಹಾಗೆ ಇಳಿಯುತ್ತವೆ. ಇಂಟೆಲ್ 13, 14ನೇ ತಲೆಮಾರಿನ ಚಿಪ್ಪಿದ್ದರೆ ಬಯಾಸ್ ಅಪ್‌ಡೇಟ್ ತಪ್ಪದೆ ಮಾಡಿ, ವೋಲ್ಟೇಜ್ ಜಾಸ್ತಿಯಾಗಿ ಚಿಪ್ಪು ಹಾಳಾಗೋ ಸಮಸ್ಯೆಗೆ 2024ರಲ್ಲಿ ತಂದ ತಿದ್ದುಪಡಿ ಅದರಲ್ಲಿದೆ.

ಸಂಖ್ಯೆ ಆಗಲೂ ಸರಿ ಹೋಗದಿದ್ದರೆ ಬಿಸಿ ಏರೋ ರೀತಿ ಗಮನಿಸಿ. ಲೋಡ್ ಕೊಟ್ಟ ಎರಡು ಮೂರು ಸೆಕೆಂಡಿಗೇ 95ಕ್ಕೆ ಜಿಗಿದರೆ ಕೂಲರಿನ ಬುಡ ಸರಿಯಾಗಿ ತಾಗುತ್ತಿಲ್ಲ: ಪ್ಲಾಸ್ಟಿಕ್ ಹಾಳೆ, ಪೇಸ್ಟ್, ಸ್ಕ್ರೂ ನೋಡಿ, ಎಐಒ ಆದರೆ ಪಂಪಿಗೆ ಕರೆಂಟ್ ಹೋಗುತ್ತಿದೆಯಾ ನೋಡಿ. ಮೊದಲು ಚೆನ್ನಾಗಿದ್ದು, ಹದಿನೈದು ಇಪ್ಪತ್ತು ನಿಮಿಷದಲ್ಲಿ ನಿಧಾನಕ್ಕೆ ಏರುತ್ತಾ ಹೋದರೆ ಕ್ಯಾಬಿನೆಟ್ಟಿನಲ್ಲೋ ರೂಮಿನಲ್ಲೋ ಬಿಸಿ ಗಾಳಿ ನಿಂತಿದೆ, ಅಲ್ಲಿ ಕೂಲರ್ ಬದಲಾಯಿಸಿ ಪ್ರಯೋಜನವಿಲ್ಲ. ಹೋದ ವರ್ಷ ಸರಿ ಇದ್ದದ್ದು ಈ ವರ್ಷ ಅದೇ ರೂಮಿನ ಬಿಸಿಗೆ ಆರೇಳು ಡಿಗ್ರಿ ಜಾಸ್ತಿ ತೋರಿಸಿದರೆ ಮೊದಲು ರೆಕ್ಕೆಗಳ ಧೂಳು ತೆಗೆಯಿರಿ, ಆಮೇಲೆ ಪೇಸ್ಟ್ ಬದಲಾಯಿಸಿ. ಎರಡೂ ಮಾಡಿದ ಮೇಲೂ ಇಳಿಯದಿದ್ದರೆ ಆಗ ವಾರಂಟಿ ಚೀಟಿ ತೆಗೆಯಿರಿ.